ರಾಶಿ ಡಾಕ್ಟರ್ ಮತ್ತು ಅವರ ಕೊರವಂಜಿ

ನಮ್ಮ ಕಡೆ ರಾಶಿ ಅಂದ್ರ ತೊಗರಿ ರಾಶಿ. ಡಿಸೆಂಬರ್, ಜನವರಿ ಬಂತಂದ್ರ ಹೊಲದಾಗ ಮಷಿನ್ ಸಪ್ಪಳ, ಮೈತುಂಬ ಹೊಟ್ಟು, ಎದುರಿಗೆ ಸಿಕ್ಕವರೆಲ್ಲ ಕೇಳೋದು ರಾಶಿ ಆಯ್ತೇನು ಅಂತ. ಹಂಗಾಗಿ ರಾಶಿ ಅನ್ನೋ ಹೆಸರಿನ ಲೇಖಕರೊಬ್ಬರು ಇದ್ದರು, ಅವರ ಬಗ್ಗೆ ಓದು ಅಂತ ನಮ್ಮ ಕನ್ನಡ ಸಂಘದ ಸೀನಿಯರ್ ಒಬ್ಬರು ಹೇಳಿದಾಗ ನನಗೆ ಮೊದಲು ಕಣ್ಣಮುಂದೆ ಬಂದದ್ದು ಹೊಲ. ಆಮೇಲೆ ಗೊತ್ತಾಯ್ತು, ಅದು ಶಿವರಾಮ ಎಂಬ ಹೆಸರಿನೊಳಗಿಂದ ಎರಡು ಅಕ್ಷರ ತೆಗೆದು ಹಿಂದುಮುಂದು ಮಾಡಿ ಇಟ್ಟುಕೊಂಡ ಹೆಸರು ಅಂತ. ಪೂರ್ತಿ ಹೆಸರು ಡಾ. ಎಂ. ಶಿವರಾಂ. ವೃತ್ತಿಯಲ್ಲಿ ಡಾಕ್ಟರ್. ಆದರೆ ಕನ್ನಡದವರು ಅವರನ್ನು ನೆನಪಿಟ್ಟಿರೋದು ಕೊರವಂಜಿ ಎಂಬ ನಗೆ ಪತ್ರಿಕೆಯಿಂದ.

ಅವರ ಬಗ್ಗೆ ಓದು ಅಂತ ನನಗೇ ಯಾಕೆ ಹೇಳಿದರು ಅನ್ನೋದನ್ನೂ ಹೇಳಿಬಿಡ್ತೀನಿ. ಹೋದ ಸೆಮಿಸ್ಟರ್‌ನಲ್ಲಿ ನಾನು, ನನ್ನ ಗೆಳೆಯ ಸೇರಿ ಒಂದು ಕಾಮಿಕ್ಸ್ ಪುಸ್ತಕ ಮಾಡಿದ್ವಿ. ಹದಿನಾರು ಪುಟ, ಕಪ್ಪುಬಿಳುಪು. ಕೋಟನೂರಿನಿಂದ ಕಾಲೇಜಿಗೆ ದಿನಾ ಹೋಗಿಬರುವ ಒಬ್ಬ ಹುಡುಗನ ಕಥೆ. ಬಿಸಿಲು, ಆಟೋ, ಇಂಟರ್ನಲ್ಸ್, ಅಷ್ಟೇ. ಅವನು ಚಿತ್ರ ಬರೆದ, ನಾನು ಮಾತು ಬರೆದೆ. ಝೆರಾಕ್ಸ್ ಅಂಗಡಿಯಲ್ಲಿ 50 ಪ್ರತಿ ತೆಗೆಸಿ, ನಾವೇ ಮಡಚಿ, ನಾವೇ ಪಿನ್ ಹೊಡೆದು, ಇಪ್ಪತ್ತು ರೂಪಾಯಿಗೊಂದರಂತೆ ಫೆಸ್ಟ್‌ನಲ್ಲಿ ಮಾರಲಿಕ್ಕೆ ಇಟ್ಟಿದ್ವಿ. 19 ಪ್ರತಿ ಹೋದವು. ಉಳಿದ 31 ಇನ್ನೂ ನನ್ನ ಮಂಚದ ಕೆಳಗೆ ಇವೆ. ಎರಡನೇ ಸಂಚಿಕೆ ಮಾಡಬೇಕೋ ಬಿಡಬೇಕೋ ಅಂತ ನಾನು ಒದ್ದಾಡುತ್ತಿದ್ದಾಗ ಸೀನಿಯರ್ ಈ ಹೆಸರು ಹೇಳಿದ್ದು. ಆಮೇಲೆ ನಾನು ಓದಿ ತಿಳಿದುಕೊಂಡದ್ದು ಇದು.

ಶಿವರಾಂ ಹುಟ್ಟಿದ್ದು 1905ರಲ್ಲಿ. ವೈದ್ಯಕೀಯ ಓದಿ ಬೆಂಗಳೂರಿನ ಮೆಜೆಸ್ಟಿಕ್ ಸುತ್ತಮುತ್ತ ಕ್ಲಿನಿಕ್ ಇಟ್ಟುಕೊಂಡಿದ್ದರು. ಈಗ ನಾವು ಕಲಬುರಗಿಯಿಂದ ರಾತ್ರಿ ಬಸ್ ಹತ್ತಿ ಬೆಳಗ್ಗೆ ಕಣ್ಣುಜ್ಜಿಕೊಂಡು ಇಳಿತೀವಲ್ಲ, ಅದೇ ಮೆಜೆಸ್ಟಿಕ್. ಕ್ಲಿನಿಕ್ ಇರುವ ಡಾಕ್ಟರಿಗೆ ಹೊಟ್ಟೆಪಾಡಿಗಾಗಿ ಪತ್ರಿಕೆ ಮಾಡುವ ಅಗತ್ಯ ಇರಲಿಲ್ಲ. ಯಾವುದೋ ದೊಡ್ಡ ಪತ್ರಿಕಾ ಸಂಸ್ಥೆ ಕರೆದು ಸಂಪಾದಕನ ಕುರ್ಚಿ ಕೊಟ್ಟದ್ದೂ ಅಲ್ಲ. ತನಗೆ ಬೇಕಾದಂಥ ಪತ್ರಿಕೆ ಕನ್ನಡದಲ್ಲಿ ಇರಲಿಲ್ಲ, ಅದಕ್ಕೆ ತಾವೇ ಶುರು ಮಾಡಿದರು. ಆಗ 1942. ಅವರಿಗೆ 37 ತುಂಬುವ ವರ್ಷ.

ಆ ವರ್ಷ ಎಂಥದ್ದು ಅಂತ ಸ್ವಲ್ಪ ಯೋಚಿಸಿ ನೋಡ್ರಿ. ಎರಡನೇ ಮಹಾಯುದ್ಧ ನಡೀತಾ ಇತ್ತು. ಕಾಗದಕ್ಕೆ ಬರ. ಇದ್ದ ಪತ್ರಿಕೆಗಳೇ ಪುಟ ಕಡಿಮೆ ಮಾಡಿಕೊಳ್ಳುವ ಕಾಲ. ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾಯ್ತು, ಜನ ಜೈಲಿಗೆ ಹೋದರು. ಅಂಥ ವರ್ಷದಲ್ಲಿ ಒಬ್ಬ ಡಾಕ್ಟರ್, ಬರೀ ನಗುವಿಗೆ, ವಿಡಂಬನೆಗೆ, ವ್ಯಂಗ್ಯಚಿತ್ರಕ್ಕೆ ಅಂತಲೇ ಒಂದು ಮಾಸಪತ್ರಿಕೆ ತೆಗೆದರು. ಬುದ್ಧಿ ಇದ್ದವರು ಯಾರೂ ಮಾಡದ ಕೆಲಸ ಅಂತ ಅನ್ನಿಸ್ತದ. ಆದರೆ ನಗು ಹೆಚ್ಚು ಬೇಕಾಗೋದು ಅಂಥ ಹೊತ್ತಿನಲ್ಲೇ ಅಂತ ಡಾಕ್ಟರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತೇನೋ.

ಹೆಸರನ್ನೂ ಸುಮ್ಮನೆ ಇಟ್ಟದ್ದಲ್ಲ. ಕೊರವಂಜಿ ಅಂದರೆ ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಕಣಿ ಹೇಳುವ ಹೆಂಗಸು. ನಮ್ಮ ಜನಪದ ಕಥೆಗಳಲ್ಲಿ, ಯಕ್ಷಗಾನದಲ್ಲಿ, ದಾಸರ ಹಾಡುಗಳಲ್ಲಿ ಎಲ್ಲ ಕಡೆ ಬರ್ತಾಳೆ. ಅರಮನೆಯ ರಾಣಿಯ ಕೈಯನ್ನೂ ನೋಡ್ತಾಳೆ, ಗುಡಿಸಲಿನವರ ಕೈಯನ್ನೂ ನೋಡ್ತಾಳೆ. ಎದುರಿಗಿರುವವರ ಮನಸ್ಸಿನೊಳಗಿನ ಮಾತನ್ನು ಮುಖದ ಮೇಲೆ ಹೇಳ್ತಾಳೆ, ಆದರೂ ಅವಳ ಮೇಲೆ ಯಾರಿಗೂ ಸಿಟ್ಟು ಬರೋದಿಲ್ಲ. ನಗೆ ಪತ್ರಿಕೆಗೆ ಇದಕ್ಕಿಂತ ಸರಿಯಾದ ಹೆಸರು ಯಾವುದು ಸಿಗ್ತದ? ಇಂಗ್ಲೆಂಡಿನಲ್ಲಿ 1841ರಿಂದಲೇ ಪಂಚ್ ಎಂಬ ವಿಡಂಬನ ಪತ್ರಿಕೆ ಇತ್ತು. ಅದರ ಹೆಸರು ಬಂದದ್ದು ಅಲ್ಲಿಯ ಗೊಂಬೆಯಾಟದ ಪಾತ್ರದಿಂದ. ರಾಶಿ ನಮ್ಮ ಬೀದಿಯಿಂದಲೇ ಒಂದು ಪಾತ್ರವನ್ನು ಕರೆದುಕೊಂಡು ಬಂದರು.

ಇಂಜಿನಿಯರಿಂಗ್ ಓದುವ ನಮಗೆ ಇಷ್ಟವಾಗುವ ವಿಷಯ ಅಂದರೆ ಆಗಿನ ಪತ್ರಿಕೆ ತಯಾರಾಗುತ್ತಿದ್ದ ರೀತಿ. ಆಗ ಕಂಪ್ಯೂಟರ್ ಇಲ್ಲ, ಆಫ್‌ಸೆಟ್ ಇನ್ನೂ ರೂಢಿಗೆ ಬಂದಿರಲಿಲ್ಲ. ಸೀಸದ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಬೇಕು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಎರಡೂ ಸೇರಿ ಐವತ್ತೆರಡು. ಕನ್ನಡಕ್ಕೆ ಗುಣಿತ, ಒತ್ತು ಎಲ್ಲ ಸೇರಿ ನೂರಾರು ಮೊಳೆ ಬೇಕು. ಒಂದು ಪುಟ ಜೋಡಿಸಿ, ಕರಡು ತೆಗೆದು, ತಪ್ಪು ತಿದ್ದಿ, ಅಚ್ಚು ಹಾಕಿ, ಮತ್ತೆ ಎಲ್ಲ ಮೊಳೆಗಳನ್ನೂ ಅವುಗಳ ಮನೆಗೆ ಹಾಕಬೇಕು. ಮುಂದಿನ ಪುಟಕ್ಕೆ ಅವೇ ಮೊಳೆ.

ಚಿತ್ರ ಇದ್ದರೆ ಇನ್ನೊಂದು ಗೋಳು. ಕಲಾವಿದ ಬರೆದ ಗೆರೆಚಿತ್ರದ ಫೋಟೋ ತೆಗೆದು, ಅದನ್ನು ಸತುವಿನ ತಗಡಿನ ಮೇಲೆ ಮೂಡಿಸಿ, ಆಸಿಡ್‌ನಲ್ಲಿ ಇಳಿಸಬೇಕು. ಗೆರೆ ಇರುವ ಜಾಗ ಉಳೀತದ, ಉಳಿದದ್ದನ್ನು ಆಸಿಡ್ ತಿಂತದ. ಆ ತಗಡನ್ನು ಮರದ ತುಂಡಿಗೆ ಬಡಿದು ಮೊಳೆಗಳ ಎತ್ತರಕ್ಕೆ ಸರಿಮಾಡಿದರೆ ಬ್ಲಾಕ್ ತಯಾರು. ಅಂದರೆ ಪತ್ರಿಕೆಯ ಒಂದೊಂದು ವ್ಯಂಗ್ಯಚಿತ್ರಕ್ಕೂ ಬೇರೆ ಖರ್ಚು. ಪುಟ ತುಂಬಿಸಲಿಕ್ಕೆ ಚಿತ್ರ ಹಾಕುವ ಕಾಲ ಅದಲ್ಲ. ಚಿತ್ರ ಹಾಕಿದರೆ ಅದು ಬೇಕು ಅಂತಲೇ ಹಾಕಿದ್ದು. ಗೆರೆಚಿತ್ರದ ಬ್ಲಾಕ್‌ನಲ್ಲಿ ಬೂದುಬಣ್ಣ ಬರೋದಿಲ್ಲ, ಗೆರೆ ಇದೆ ಅಥವಾ ಇಲ್ಲ, ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಪೂರ್ತಿ ಬೈನರಿ. ಅದಕ್ಕೇ ಆ ಕಾಲದ ವ್ಯಂಗ್ಯಚಿತ್ರಗಳಲ್ಲಿ ಗೆರೆ ಅಷ್ಟು ಗಟ್ಟಿ, ಅಷ್ಟು ಸ್ವಚ್ಛ. ನಮ್ಮ ಪುಸ್ತಕದಲ್ಲಿ ಗೆಳೆಯ ಪೆನ್ಸಿಲ್ ಶೇಡಿಂಗ್ ಮಾಡಿದ್ದ. ಝೆರಾಕ್ಸ್ ಆದ ಮೇಲೆ ಹುಡುಗನ ಅರ್ಧ ಮುಖ ಕರೀ ಮಸಿ. ಕೊರವಂಜಿಯ ಕಾಲದವರನ್ನು ಕೇಳಿದ್ದರೆ ಮೊದಲೇ ಹೇಳಿರೋರು.

ಕೊರವಂಜಿಗೆ ಚಿತ್ರ ಬರೆದವರಲ್ಲಿ ಒಬ್ಬ ಮೈಸೂರಿನ ಹುಡುಗ ಇದ್ದ. ಮಹಾರಾಜ ಕಾಲೇಜಿನ ವಿದ್ಯಾರ್ಥಿ, ಪತ್ರಿಕೆ ಶುರುವಾದಾಗ ವಯಸ್ಸು 20. ಮುಂಬೈಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದ್ದ, ಅವರು ಸೀಟು ಕೊಟ್ಟಿರಲಿಲ್ಲ. ಆ ಹುಡುಗನ ಹೆಸರು ಆರ್.ಕೆ. ಲಕ್ಷ್ಮಣ್. ಮುಂದೆ ಟೈಮ್ಸ್ ಆಫ್ ಇಂಡಿಯಾದಲ್ಲಿ ಚೌಕುಳಿ ಕೋಟಿನ ಕಾಮನ್ ಮ್ಯಾನ್‌ನನ್ನು ಬರೆದು ಇಡೀ ದೇಶಕ್ಕೆ ಗೊತ್ತಾದರು. ಆದರೆ ಆ ಹೆಸರು ಬರುವ ಮೊದಲೇ, ಕಲಾಶಾಲೆ ಬೇಡ ಅಂದ ಕೈಗೆ ಪುಟ ಕೊಟ್ಟವರಲ್ಲಿ ಮೆಜೆಸ್ಟಿಕ್‌ನ ಈ ಡಾಕ್ಟರ್ ಒಬ್ಬರು. ಸೀಟು ಸಿಗದವರಿಗೆ ಪುಟ ಸಿಗುವ ಜಾಗ ಒಂದು ಇರಬೇಕು. ಸಣ್ಣ ಪತ್ರಿಕೆಗಳ ದೊಡ್ಡ ಉಪಯೋಗವೇ ಅದು ಅಂತ ನನಗೆ ಅನ್ನಿಸ್ತದ.

ಅದೇ ಮನೆಯಲ್ಲಿ ಇನ್ನೊಂದು ಸ್ವಂತ ಪ್ರಕಾಶನದ ಕಥೆ ನಡೆದಿತ್ತು. ಲಕ್ಷ್ಮಣ್ ಅವರ ಅಣ್ಣ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಕಾದಂಬರಿ ಬರೀತಾ ಇದ್ದರು. ಯುದ್ಧದಿಂದಾಗಿ ಇಂಗ್ಲೆಂಡಿನ ಪ್ರಕಾಶಕರ ಜೊತೆ ಸಂಪರ್ಕ ಕಡಿದಾಗ ಅವರು ಮೈಸೂರಿನಲ್ಲೇ ಇಂಡಿಯನ್ ಥಾಟ್ ಪಬ್ಲಿಕೇಷನ್ಸ್ ಅಂತ ತಮ್ಮದೇ ಪ್ರಕಾಶನ ಶುರು ಮಾಡಿದರು. ದೊಡ್ಡ ಬಾಗಿಲು ಮುಚ್ಚಿದಾಗ ಮನೆಯ ಹಿತ್ತಲ ಬಾಗಿಲು ತೆಗೆದು ಕೆಲಸ ಮಾಡಿದವರು ಆ ಕಾಲದಲ್ಲಿ ಬಹಳ ಜನ ಇದ್ದರು.

ಉತ್ತರ ಕರ್ನಾಟಕದವರಿಗೆ ಇದು ಹೊಸದಲ್ಲ ಅನ್ನೋದನ್ನೂ ಇಲ್ಲೇ ಹೇಳಬೇಕು. ಹಾವೇರಿ ಕಡೆಯ ಗಳಗನಾಥರು ತಾವು ಬರೆದ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿಸಿ, ಗಂಟು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಅವರು ತೀರಿಕೊಂಡ ವರ್ಷವೂ 1942. ಒಬ್ಬರು ಗಂಟು ಇಳಿಸಿದ ವರ್ಷವೇ ಇನ್ನೊಬ್ಬರು ಬುಟ್ಟಿ ಎತ್ತಿಕೊಂಡರು.

ರಾಶಿ ತಾವು ಬರೆದರು, ಬೇರೆಯವರಿಂದಲೂ ಬರೆಸಿದರು. ಮೈಸೂರಿನಲ್ಲಿ ಮೇಷ್ಟರಾಗಿದ್ದ, ಅನರ್ಥಕೋಶ ಬರೆದ ನಾ. ಕಸ್ತೂರಿ ಕೊರವಂಜಿಯ ಬಳಗದವರು. ಶಬ್ದಕ್ಕೆ ನಿಘಂಟಿನಲ್ಲಿ ಇರುವ ಅರ್ಥ ಬಿಟ್ಟು, ಜೀವನದಲ್ಲಿ ಇರುವ ಅರ್ಥ ಕೊಡುವ ತಮಾಷೆಯ ಕೋಶ ಅದು. ಟಿ. ಸುನಂದಮ್ಮ ಕೂಡ ಕೊರವಂಜಿಯ ಲೇಖಕಿ. ಹೆಂಗಸರು ನಗೆಬರಹ ಬರೆಯೋದೇ ಅಪರೂಪವಾಗಿದ್ದ ಕಾಲದಲ್ಲಿ ಮನೆ, ಗಂಡ, ಅಡುಗೆಮನೆ, ನೆಂಟರು ಇವನ್ನೇ ಇಟ್ಟುಕೊಂಡು ಬರೆದು ಹೆಸರಾದರು. ಅಲ್ಲಿಯವರೆಗೆ ನಗೆಬರಹದಲ್ಲಿ ಹೆಂಡತಿ ಅಂದರೆ ಗಂಡಸರು ಮಾಡುವ ತಮಾಷೆಗೆ ಒಂದು ವಸ್ತು. ಸುನಂದಮ್ಮ ಬಂದ ಮೇಲೆ ತಮಾಷೆ ಮಾಡುವ ಸರದಿ ಅವಳಿಗೂ ಬಂತು.

ಈ ಸಾಲು ಬರೆಯುವಾಗ ನನಗೆ ನಮ್ಮ ಫೆಸ್ಟ್ ಸ್ಟಾಲ್ ನೆನಪಾಯ್ತು. ನಮ್ಮ ಕಾಮಿಕ್ಸ್‌ನ ಹುಡುಗ ಕಲಬುರಗಿ ಕನ್ನಡ ಮಾತಾಡ್ತಾನ. ಎಲ್ಲಿ ಹೊಂಟಿದಿ, ಹಂಗ್ಯಾಕ, ಹೌದಿಲ್ಲೋ, ಇಂಥ ಮಾತು. ಒಬ್ಬರು ಪುಸ್ತಕ ತಿರುವಿ ನೋಡಿ ನಕ್ಕರು. ಕಥೆಯಲ್ಲಿ ನಗುವ ಜಾಗ ಬರುವ ಮೊದಲೇ ನಕ್ಕರು. ಆಮೇಲೆ ತಿಳೀತು, ಅವರು ಜೋಕಿಗೆ ನಕ್ಕಿದ್ದಲ್ಲ, ಭಾಷೆಗೆ ನಕ್ಕಿದ್ದು. ಸಿನಿಮಾದಲ್ಲಿ ನಮ್ಮ ಮಾತು ಬಂದ್ರ ಅದು ಕಾಮಿಡಿ ಸೀನ್ ಅಂತ ಎಲ್ಲರಿಗೂ ರೂಢಿ ಆಗಿಬಿಟ್ಟದ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಶಾಲೆಯಲ್ಲಿ ಕನ್ನಡ ಅಂದರೆ ಪರೀಕ್ಷೆಯ ಪುಸ್ತಕದ ಕನ್ನಡ, ಮನೆಯಲ್ಲಿ ಅವ್ವನ ಕನ್ನಡ. ಎರಡೂ ನನ್ನವು ಹೌದೋ ಅಲ್ಲೋ ಅಂತ ಅನುಮಾನದಲ್ಲೇ ಬೆಳೆದವರು ನಾವು. ಅವತ್ತು ರಾತ್ರಿ ಎರಡನೇ ಸಂಚಿಕೆ ಬೇಡ, ಇಲ್ಲಾಂದ್ರೆ ಮಾತನ್ನೆಲ್ಲ ಪುಸ್ತಕದ ಕನ್ನಡಕ್ಕೆ ಬದಲಾಯಿಸೋಣ ಅಂತ ಗೆಳೆಯನಿಗೆ ಮೆಸೇಜ್ ಹಾಕಿದ್ದೆ.

ಕೊರವಂಜಿಯ ನಗೆ ಬೆಂಗಳೂರು, ಮೈಸೂರಿನ ಮನೆ, ಆಫೀಸು, ಹೋಟೆಲುಗಳ ನಗೆ. ಅಲ್ಲಿಯವರು ತಮ್ಮ ಮನೆಯ ಮಾತಿನಲ್ಲಿ ತಮ್ಮ ಮೇಲೇ ನಕ್ಕರು. 1942ರಲ್ಲಿ ನಮ್ಮ ಕಲಬುರಗಿ ಆ ರಾಜ್ಯದಲ್ಲೇ ಇರಲಿಲ್ಲ. ನಾವು ಹೈದರಾಬಾದ್ ನಿಜಾಮರ ಕೆಳಗೆ ಇದ್ವಿ. ಆಡಳಿತ ಉರ್ದು, ಶಾಲೆ ಉರ್ದು. ನಮ್ಮ ಮುತ್ತ್ಯಾನ ಅಪ್ಪ ಲೆಕ್ಕಪತ್ರ ಬರೀತಿದ್ದದ್ದು ಉರ್ದುವಿನಲ್ಲೇ ಅಂತ ಮನೆಯಲ್ಲಿ ಹೇಳ್ತಾರ. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಭಾರತಕ್ಕೆ ಸೇರಿತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ. ಆ ಹೊತ್ತಿಗೆ ಕೊರವಂಜಿಗೆ ಹದಿನಾಲ್ಕು ವರ್ಷ. ಅಂದರೆ ಅವರು ಕನ್ನಡದಲ್ಲಿ ಪತ್ರಿಕೆ ಮಾಡಿ ನಗುತ್ತಿದ್ದ ಎಷ್ಟೋ ವರ್ಷ ನಮ್ಮವರು ಕನ್ನಡ ಶಾಲೆಗಾಗಿಯೇ ಕಷ್ಟಪಡುತ್ತಿದ್ದರು. ನಮ್ಮ ಮಾತು ಪುಸ್ತಕದೊಳಗೆ ಕಡಿಮೆ, ತಮಾಷೆಯೊಳಗೆ ಜಾಸ್ತಿ ಕಾಣೋದಕ್ಕೆ ಇದೂ ಒಂದು ಕಾರಣ ಇರಬಹುದು. ಹಾಗಿದ್ದರೆ ಅದಕ್ಕೆ ಔಷಧ ಮಾತು ಬದಲಾಯಿಸೋದಲ್ಲ, ಆ ಮಾತಿನಲ್ಲಿ ಇನ್ನೂ ಹೆಚ್ಚು ಬರೆಯೋದು.

ಮತ್ತೆ ರಾಶಿಯವರ ಕಥೆಗೆ ಬರ್ತೀನಿ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ತಮ್ಮ ಹೆಸರಿನ ವಾರಪತ್ರಿಕೆ ಶುರು ಮಾಡಿದ್ದು 1948ರಲ್ಲಿ. ಕೊರವಂಜಿ ಅದಕ್ಕಿಂತ ಆರು ವರ್ಷ ದೊಡ್ಡವಳು. ಈಗ ನಮ್ಮಂಥ ಹುಡುಗರು ಹುಚ್ಚು ಹಿಡಿಸಿಕೊಂಡು ಓದುವ ಅಮೆರಿಕದ ಅಂಡರ್‌ಗ್ರೌಂಡ್ ಕಾಮಿಕ್ಸ್ ಇನ್ನೂ ಆಮೇಲಿನದು. 1954ರಲ್ಲಿ ಅಲ್ಲಿಯ ಕಂಪನಿಗಳು ಕಾಮಿಕ್ಸ್ ಕೋಡ್ ಅಂತ ತಮಗೆ ತಾವೇ ಒಂದು ಸೆನ್ಸಾರ್ ಹಾಕಿಕೊಂಡವು. ಅದರಾಚೆ ಬರೆಯಬೇಕು ಅಂದವರು ಸ್ವಂತ ಅಚ್ಚು ಹಾಕಿಸಿದರು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಬರ್ಟ್ ಕ್ರಂಬ್ ಅವರ ಝ್ಯಾಪ್ ಕಾಮಿಕ್ಸ್ ಬಂತು, ಮಗುವಿನ ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಬೀದಿಯಲ್ಲಿ ಮಾರಿದರು. 1976ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಹಾರ್ವಿ ಪೀಕಾರ್ ಎಂಬ ಆಸ್ಪತ್ರೆಯ ಫೈಲ್ ಗುಮಾಸ್ತ ತನ್ನ ದಿನನಿತ್ಯದ ಬದುಕನ್ನೇ ಕಾಮಿಕ್ಸ್ ಮಾಡಿ ಸ್ವಂತ ದುಡ್ಡಿನಲ್ಲಿ ಪ್ರಕಟಿಸಿದ. ಅವನಿಗೆ ಚಿತ್ರ ಬರೆಯಲಿಕ್ಕೆ ಬರ್ತಿರಲಿಲ್ಲ, ಮಾತು ಬರೀತಿದ್ದ, ಚಿತ್ರ ಗೆಳೆಯರು ಬರೀತಿದ್ದರು. ನಮ್ಮ ದೇಶದಲ್ಲಿ ಒರಿಜಿತ್ ಸೇನ್ ನರ್ಮದಾ ಕಣಿವೆಯ ಜನರ ಬಗ್ಗೆ ರಿವರ್ ಆಫ್ ಸ್ಟೋರೀಸ್ ಮಾಡಿದ್ದು 1994ರಲ್ಲಿ.

ಕೊರವಂಜಿ ಇವರಂತೆ ಬಂಡಾಯದವಳಲ್ಲ, ಕಾಮಿಕ್ಸ್ ಪುಸ್ತಕವೂ ಅಲ್ಲ. ಮನೆಮಂದಿ ಎಲ್ಲ ಕೂತು ಓದಬಹುದಾದ ಪತ್ರಿಕೆ. ಆದರೂ ಇವರೆಲ್ಲರಲ್ಲಿ ಒಂದು ಗುಣ ಒಂದೇ. ಯಾರ ಅಪ್ಪಣೆಗೂ ಕಾಯಲಿಲ್ಲ. ತಮಗೆ ಬೇಕಾದ್ದನ್ನು ತಾವೇ ಮಾಡಿಕೊಂಡರು. ಆಸ್ಪತ್ರೆಯ ಗುಮಾಸ್ತನೂ ಕ್ಲಿನಿಕ್‌ನ ಡಾಕ್ಟರೂ ಎದುರಾಗಿದ್ದರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ಚೆನ್ನಾಗಿ ಅರ್ಥ ಆಗ್ತಿತ್ತು.

ಕೊರವಂಜಿ 1967ರಲ್ಲಿ ನಿಂತಿತು. 25 ವರ್ಷ. ತಿಂಗಳ ಲೆಕ್ಕದಲ್ಲಿ ಸುಮಾರು 300. ನಾನು ಒಂದು ಸಂಚಿಕೆ ಮಾಡಿ ಸುಸ್ತಾಗಿ ಕೂತವ, ಆ 300 ಎಂಬ ಸಂಖ್ಯೆಯನ್ನು ಬಹಳ ಹೊತ್ತು ನೋಡಿದೆ. ಪ್ರತಿ ತಿಂಗಳೂ ಲೇಖನ ಬರಬೇಕು, ಬ್ಲಾಕ್ ಆಗಬೇಕು, ಕರಡು ತಿದ್ದಬೇಕು, ಅಂಚೆಗೆ ಹೋಗಬೇಕು. ಹೊರಗೆ ರೋಗಿಗಳು ಕಾಯ್ತಾ ಕೂತಿರ್ತಾರ. ಶುರು ಮಾಡಿದಾಗ ಮೂವತ್ತೇಳರ ಆಸುಪಾಸಿನಲ್ಲಿದ್ದ ಮನುಷ್ಯ, ನಿಲ್ಲಿಸಿದಾಗ ಅರವತ್ತು ದಾಟಿದ್ದರು. ಶುರು ಮಾಡಲಿಕ್ಕೆ ಒಂದು ದಿನದ ಧೈರ್ಯ ಸಾಕು. ಮುಂದಿನ ತಿಂಗಳು ಮತ್ತೆ ಮಾಡಲಿಕ್ಕೆ ಬೇಕಾಗುವ ಧೈರ್ಯ ಬೇರೇನೇ.

ಪತ್ರಿಕೆ ನಿಂತಿತು ಅಂತ ರಾಶಿ ನಿಲ್ಲಲಿಲ್ಲ. ಅವರಿಗೆ ಮೊದಲಿಂದಲೂ ಮನಸ್ಸಿನ ಬಗ್ಗೆ ಕುತೂಹಲ. ಮನುಷ್ಯನ ಮನಸ್ಸು, ಅದರ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ಬರೆದ ಮನಮಂಥನ ಎಂಬ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನನಗೆ ಇದು ಬಹಳ ಚೆಂದ ಕಾಣಿಸ್ತದ. ಕಥೆ, ಕಾದಂಬರಿ, ಕವಿತೆಗಳ ಪಟ್ಟಿಯಲ್ಲಿ ಮನೋವೈದ್ಯದ ಒಂದು ಪುಸ್ತಕ. ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಬರೆಯಲಿಕ್ಕೆ ಆಗೋದಿಲ್ಲ ಅಂತ ನಾವು ದಿನಾ ಕ್ಲಾಸಿನಲ್ಲಿ ಹೇಳ್ತೀವಿ. ಅವರು ಬರೆದರು, ಅದೂ ಸಾಹಿತ್ಯ ಅನ್ನಿಸಿಕೊಳ್ಳುವ ಹಾಗೆ ಬರೆದರು. ನಗಿಸುವ ಕೆಲಸ ಮತ್ತು ಮನಸ್ಸು ಗುಣಮಾಡುವ ಕೆಲಸ ಅವರಿಗೆ ಬೇರೆಬೇರೆ ಆಗಿರಲಿಲ್ಲ ಅಂತ ಕಾಣ್ತದ.

ರಾಶಿ 1984ರಲ್ಲಿ ತೀರಿಕೊಂಡರು. ಆ ದಶಕದಲ್ಲೇ ಕೊರವಂಜಿಯ ಮಗಳಂತೆ ಅಪರಂಜಿ ಎಂಬ ನಗೆ ಪತ್ರಿಕೆ ಹುಟ್ಟಿತು. ಕೊರವಂಜಿಯ ಹಳೆಯ ಸಂಚಿಕೆಗಳನ್ನೂ ಸ್ಕ್ಯಾನ್ ಮಾಡಿ ಉಳಿಸಿದ್ದಾರೆ. ಕೋಟನೂರಿನ ನಮ್ಮ ಮನೆಯ ಮಾಳಿಗೆ ಮೇಲೆ ಕೂತು, ಫೋನಿನ ಸಣ್ಣ ಪರದೆಯಲ್ಲಿ, ಅಜ್ಜಂದಿರ ಕಾಲದ ಅಚ್ಚಿನ ಪುಟಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕೆಲವು ಜೋಕು ಅರ್ಥ ಆಗಲಿಲ್ಲ. ಕೆಲವಕ್ಕೆ ಒಬ್ಬನೇ ನಕ್ಕೆ. ಗೆರೆಗಳು ಮಾತ್ರ ಈಗಲೂ ಕರ್ರಗೆ ಹೊಳೀತಾವ.

ಗೆಳೆಯನಿಗೆ ಆಮೇಲೆ ಇನ್ನೊಂದು ಮೆಸೇಜ್ ಹಾಕಿದೆ. ಎರಡನೇ ಸಂಚಿಕೆ ಮಾಡೋಣ, ಪೆನ್ಸಿಲ್ ಶೇಡಿಂಗ್ ಬೇಡ, ಬರೀ ಇಂಕ್ ಪೆನ್ನು, ಹುಡುಗ ಮಾತಾಡೋದು ಕಲಬುರಗಿ ಕನ್ನಡದಾಗೇ ಅಂತ. ಅವನು ಒಂದು ಥಂಬ್ಸ್ ಅಪ್ ಕಳಿಸ್ಯಾನ. ಈ ಸಲ 30 ಪ್ರತಿ ಮಾತ್ರ ತೆಗೆಸ್ತೀವಿ. ಮೊದಲ ಸಂಚಿಕೆ ಬೇಕಾದವರು ಕನ್ನಡ ಸಂಘದ ರೂಮಿಗೆ ಬನ್ರಿ, ಇನ್ನೂ 31 ಅವ.